ಮೋಡ ಬಿತ್ತುವುದಾದರೆ ಎಲ್ಲಿಂದ, ಯಾವ ಕಾಡಿನ ಮೇಲೆ? ಕೊಲೊರಾಡೊ ನದಿಯ ಮುಂದಿರುವ ಐದು ದಾರಿಗಳು

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ವಿಂಡ್ ರಿವರ್ ಎಂಬ ಪರ್ವತಸಾಲಿದೆ. ಚಳಿಗಾಲದಲ್ಲಿ ಅದರ ಪಶ್ಚಿಮ ಇಳಿಜಾರಿನ ಮೇಲೆ ಬಿದ್ದ ಹಿಮ ಬೇಸಿಗೆಗೆ ಕರಗಿ ಗ್ರೀನ್ ನದಿಗೆ ಇಳಿಯುತ್ತದೆ. ಗ್ರೀನ್ ನದಿ ಯೂಟಾದಲ್ಲಿ ಕೊಲೊರಾಡೊವನ್ನು ಕೂಡುತ್ತದೆ. ಆ ನೀರು ಮರುಭೂಮಿ ದಾಟಿ ಲಾಸ್ ವೇಗಸ್, ಫೀನಿಕ್ಸ್, ಲಾಸ್ ಏಂಜಲೀಸ್ ನಗರಗಳ ನಲ್ಲಿ ತಲುಪುತ್ತದೆ. ಸುಮಾರು ನಾಲ್ಕು ಕೋಟಿ ಜನ ಈ ನದಿಯನ್ನು ನಂಬಿದ್ದಾರೆ, ನದಿ ನಂಬಿರುವುದು ಹೆಚ್ಚುಕಡಿಮೆ ಇಂಥ ಬೆಟ್ಟಗಳ ಹಿಮವನ್ನು ಮಾತ್ರ.

ಮೇಲೆ ಇನ್ನಷ್ಟು ಹಿಮ ಬೀಳಿಸಿದರೆ ಕೆಳಗೆ ಇನ್ನಷ್ಟು ನೀರು ಎಂಬ ಲೆಕ್ಕದ ಮೇಲೆ ಈ ಬೆಟ್ಟಗಳ ಬುಡದಲ್ಲಿ ಮೋಡ ಬಿತ್ತನೆಯ ಯಂತ್ರಗಳು ನಿಂತಿವೆ. ತೊಡಕು ಒಂದೇ. ಹಿಮ ಬೀಳಬೇಕೆಂದು ಗುರಿಯಿಟ್ಟಿರುವ ಎತ್ತರದ ಜಾಗವೇ ಬ್ರಿಜರ್ ವನ್ಯಪ್ರದೇಶ, ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ ಬಂಡೆ, ಸರೋವರ, ಹಿಮನದಿಗಳ ನಾಡು. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವನ್ಯಪ್ರದೇಶ ಕಾಯ್ದೆಯ ಪ್ರಕಾರ ಇಂಥ ಜಾಗದಲ್ಲಿ ಮನುಷ್ಯ ಬಂದು ಹೋಗುವವನೇ ಹೊರತು ನೆಲೆ ನಿಲ್ಲುವವನಲ್ಲ. ಅಲ್ಲಿನ ನೆಲ ಮತ್ತು ಜೀವಕುಲ ಅವನ ಹಿಡಿತಕ್ಕೆ ಸಿಕ್ಕಬಾರದು. ನಮ್ಮ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗಿಂತ ಇದು ಬಿಗಿ. ಅಲ್ಲಿ ರಸ್ತೆಯಿಲ್ಲ, ಸಫಾರಿ ಜೀಪಿಲ್ಲ, ಸೈಕಲ್ ಕೂಡ ಒಯ್ಯುವಂತಿಲ್ಲ.

ಹಾಗಾದರೆ ಅಲ್ಲಿನ ಹವಾಮಾನದ ಮೇಲೆ ಕೈ ಹಾಕಬಹುದೇ? ನೀರು ಬೇಕಾದವರ ಮುಂದೆ ಐದು ದಾರಿಗಳಿವೆ: ಕಾಡಿನೊಳಗೇ ಯಂತ್ರ ಇಡುವುದು, ಗಡಿಯ ಹೊರಗೆ ಇಡುವುದು, ವಿಮಾನದಿಂದ ಬಿತ್ತುವುದು, ವನ್ಯಪ್ರದೇಶವನ್ನು ಬಿಟ್ಟು ಬೇರೆ ಬೆಟ್ಟಗಳ ಮೇಲೆ ಮಾತ್ರ ಬಿತ್ತುವುದು, ಬಿತ್ತನೆಯ ಗೊಡವೆಯೇ ಬೇಡವೆಂದು ಬಳಕೆ ತಗ್ಗಿಸುವುದು. ಇವನ್ನು ತೂಗಿ ನೋಡುವ ಮೊದಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎಷ್ಟು ನೀರಿದೆ ಎಂಬುದು ಗೊತ್ತಿರಬೇಕು. ಈ ವಾದದಲ್ಲಿ ಇಳಿದವರಲ್ಲಿ ಅರ್ಧಕ್ಕರ್ಧ ಜನ ಅದನ್ನು ನೋಡದೆಯೇ ಪಕ್ಷ ಹಿಡಿದುಬಿಡುತ್ತಾರೆ.

ನಿಜಕ್ಕೂ ಎಷ್ಟು ನೀರು?

ಚಳಿಗಾಲದ ಬೆಟ್ಟದ ಮೋಡಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಹೆಪ್ಪುಗಟ್ಟದ ನೀರಿನ ಹನಿಗಳಿರುತ್ತವೆ. ಹೆಪ್ಪುಗಟ್ಟಲು ಅವಕ್ಕೊಂದು ಕಣದ ಆಸರೆ ಬೇಕು. ಸಿಲ್ವರ್ ಅಯೊಡೈಡ್ ಎಂಬ ಬೆಳ್ಳಿಯ ಲವಣದ ಹರಳಿನ ಕಟ್ಟೋಣ ಮಂಜುಗಡ್ಡೆಯದನ್ನೇ ಹೋಲುವುದರಿಂದ, ಮೈನಸ್ ಆರು ಡಿಗ್ರಿಯ ಆಸುಪಾಸಿನಿಂದ ಕೆಳಗೆ ಅದು ಆ ಕೆಲಸ ಮಾಡುತ್ತದೆ. 1946ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ವಿನ್ಸೆಂಟ್ ಶೇಫರ್ ಒಣ ಮಂಜುಗಡ್ಡೆಯಿಂದಲೂ ಬರ್ನಾರ್ಡ್ ವಾನಿಗಟ್ ಸಿಲ್ವರ್ ಅಯೊಡೈಡ್‌ನಿಂದಲೂ ಇದನ್ನು ತೋರಿಸಿಕೊಟ್ಟರು. ಕೊಲೊರಾಡೊ ಕಣಿವೆಗೆ ಇದು ಬಂದದ್ದೂ ತಡವಾಗಿಯೇನಲ್ಲ. ಒಕ್ಕೂಟ ಸರ್ಕಾರದ ಬ್ಯೂರೋ ಆಫ್ ರೆಕ್ಲಮೇಶನ್ 1960ರ ದಶಕದಲ್ಲಿ ಸ್ಕೈವಾಟರ್ ಯೋಜನೆ ಶುರುಮಾಡಿತು, 1970ರಿಂದ ಐದು ವರ್ಷ ಸ್ಯಾನ್ ವಾನ್ ಬೆಟ್ಟಗಳಲ್ಲಿ ಪ್ರಯೋಗ ನಡೆಸಿತು.

ಇಷ್ಟೆಲ್ಲ ಆದರೂ "ಬಿತ್ತಿದ್ದರಿಂದಲೇ ಹಿಮ ಬಿತ್ತು" ಎಂದು ಕಣ್ಣಾರೆ ಕಂಡದ್ದು 2017ರಲ್ಲಿ. ಇಡಾಹೊ ರಾಜ್ಯದ ಪೇಯೆಟ್ ನದಿಯ ಜಲಾನಯನದಲ್ಲಿ ಜನವರಿ 19ರಂದು ಒಂದು ವಿಮಾನ ಗಾಳಿಗೆ ಅಡ್ಡಲಾಗಿ ಅತ್ತಿಂದಿತ್ತ ಹಾರುತ್ತಾ ಬಿತ್ತಿತು. ಬೆಟ್ಟದ ತಲೆಯ ಮೇಲಿಟ್ಟಿದ್ದ ರಾಡಾರ್‌ಗಳ ತೆರೆಯ ಮೇಲೆ ವಿಮಾನ ಹಾರಿದ ಹಾದಿಯ ಆಕಾರದಲ್ಲೇ ಹಿಮದ ಗೆರೆಗಳು ಮೂಡಿದವು. ಹಾಗೆ ಅಂಕುಡೊಂಕಾಗಿ ಹಿಮ ಸುರಿಸುವ ಅಭ್ಯಾಸ ಪ್ರಕೃತಿಗಿಲ್ಲ. ಏಳು ದಶಕದ ಅನುಮಾನಕ್ಕೆ ಅಲ್ಲಿಗೆ ತೆರೆ ಬಿತ್ತು, ಆದರೆ ಅದೇ ಪ್ರಯೋಗ ಪ್ರಮಾಣವನ್ನೂ ಅಳೆದು ತೋರಿಸಿತು. ಆ ದಿನ ಸುಮಾರು 67 ನಿಮಿಷ ಬಿದ್ದ ಹಿಮ ಎರಡು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು. ಆ ತಿಂಗಳು ಹೀಗೆ ಅಳೆದ ಮೂರು ಬಿತ್ತನೆಗಳ ಒಟ್ಟು ನೀರು 280ರಷ್ಟು ಒಲಿಂಪಿಕ್ ಈಜುಕೊಳಗಳಿಗೆ ಸಮ ಎಂದರು. ಈಜುಕೊಳದ ಲೆಕ್ಕ ನಮಗೆ ಒಗ್ಗುವುದಿಲ್ಲ. ಟಿಎಂಸಿಗೆ ಇಳಿಸಿದರೆ ಅದು 0.025, ಅಂದರೆ ಒಂದು ಟಿಎಂಸಿಯ ನಲವತ್ತನೇ ಒಂದು ಪಾಲು. ಕಾವೇರಿಯಲ್ಲಿ ಕರ್ನಾಟಕಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟದ್ದು 284.75 ಟಿಎಂಸಿ. ಕೊಲೊರಾಡೊದಲ್ಲಿ 1922ರ ಒಪ್ಪಂದ ಮೇಲ್ಕಣಿವೆಗೆ ಮತ್ತು ಕೆಳಕಣಿವೆಗೆ ಹಂಚಿದ್ದು ತಲಾ 75 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 327 ಟಿಎಂಸಿ.

ಒಂದು ಋತುವಿನುದ್ದಕ್ಕೂ ಬಿತ್ತಿದರೆ ಏನಾಗುತ್ತದೆ? ವಯೋಮಿಂಗ್ ರಾಜ್ಯ 2005ರಿಂದ 2014ರವರೆಗೆ ಇದನ್ನೇ ಪರೀಕ್ಷಿಸಿತು. ಮೆಡಿಸಿನ್ ಬೋ ಮತ್ತು ಸಿಯೆರಾ ಮ್ಯಾಡ್ರೆ ಎಂಬ ಅಕ್ಕಪಕ್ಕದ ಬೆಟ್ಟಗಳಲ್ಲಿ ಯಾವುದರ ಮೇಲೆ ಬಿತ್ತಬೇಕೆಂಬುದನ್ನು ಪ್ರತಿಸಲವೂ ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟರು. ಮುಖ್ಯ ಫಲಿತಾಂಶದಲ್ಲಿ ಕಂಡ ಹೆಚ್ಚಳ ಶೇ 3 ಮಾತ್ರ, ಅದೂ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ಗಟ್ಟಿಯಾಗಿರಲಿಲ್ಲ. ಬೇರೆ ವಿಶ್ಲೇಷಣೆಗಳನ್ನೆಲ್ಲ ಕೂಡಿಸಿ, ಬಿತ್ತನೆಗೆ ತಕ್ಕ ಮೋಡಗಳಲ್ಲಿ ಶೇ 5ರಿಂದ 15 ಹೆಚ್ಚಳ ಸಾಧ್ಯ ಎಂದರು. ಕಂಪನಿಗಳ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಈ ಕೊನೆಯ ಅಂಕಿ. ಆದರೆ ಚಳಿಗಾಲದಲ್ಲಿ ಬಿತ್ತನೆಗೆ ತಕ್ಕ ಸಂದರ್ಭವೇ ಸುಮಾರು ಶೇ 30. ಎರಡನ್ನೂ ಗುಣಿಸಿ ನೋಡಿ: ಇಡೀ ಋತುವಿನ ಹಿಮದ ಮೇಲೆ ಶೇ 1.5ರಿಂದ 4.5, ಅದೂ ಒಂದು ಅವಕಾಶವನ್ನೂ ಬಿಡದೆ ಬಿತ್ತಿದರೆ. ಹಿಮವೆಲ್ಲ ನದಿಗೆ ಬರುತ್ತದೆಂಬ ಖಾತರಿಯೂ ಇಲ್ಲ. 2021ರಲ್ಲಿ ಮೇಲ್ಕಣಿವೆಯ ಹಿಮ ಸರಾಸರಿಗಿಂತ ತುಸುವೇ ಕಡಿಮೆಯಿತ್ತು, ಒಣಗಿದ ಮಣ್ಣು ಕುಡಿದದ್ದು ಹೋಗಿ ಪೊವೆಲ್ ಜಲಾಶಯಕ್ಕೆ ಬಂದದ್ದು ಸರಾಸರಿಯ ಮೂರನೇ ಒಂದು ಪಾಲಿನಷ್ಟು ನೀರು.

ಇನ್ನೊಂದು ಮಾತು. ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ, ಇರುವ ಮೋಡದಿಂದ ಸ್ವಲ್ಪ ಹೆಚ್ಚು ಹಿಂಡುತ್ತದೆ. ಮೋಡವೇ ಬಾರದ ಬರಗಾಲದಲ್ಲಿ ಅದರಿಂದ ಪ್ರಯೋಜನ ಕಡಿಮೆ. ಅದು ನಿಜಕ್ಕೂ ಕೈಹಿಡಿಯುವುದು ಒಳ್ಳೆಯ ವರ್ಷದಲ್ಲಿ, ಜಲಾಶಯ ತುಂಬಿಕೊಳ್ಳಲು. ಸರ್ಕಾರಗಳಿಗೆ ಮಾತ್ರ ಬಿತ್ತನೆಯ ನೆನಪಾಗುವುದು ಬರ ಬಂದಾಗಲೇ, ಇದು ವಯೋಮಿಂಗಿಗೂ ಸರಿ, ವಿಧಾನಸೌಧಕ್ಕೂ ಸರಿ.

ಒಂದನೆಯ ದಾರಿ: ಕಾಡಿನೊಳಗೇ ಯಂತ್ರ

ತಾಂತ್ರಿಕವಾಗಿ ಇದಕ್ಕೊಂದು ಸಮರ್ಥನೆಯಿದೆ. ಯಂತ್ರ ಉಗುಳುವ ಸಿಲ್ವರ್ ಅಯೊಡೈಡ್ ಹೊಗೆ ಎತ್ತರದಲ್ಲೇ ಹುಟ್ಟಿದರೆ ಮೋಡ ಸೇರುವುದು ಸುಲಭ. ಆದರೆ 1964ರ ಕಾಯ್ದೆಯ ನಾಲ್ಕನೆಯ ಕಲಮು ಕಟ್ಟಡ, ಸ್ಥಾವರ, ಮೋಟಾರು ಯಂತ್ರ, ವಿಮಾನ ಇಳಿಸುವುದು ಇವೆಲ್ಲವನ್ನೂ ನಿಷೇಧಿಸುತ್ತದೆ. ಯಂತ್ರ ಉರಿಸುವ ಪ್ರೊಪೇನ್ ಅನಿಲ ಮುಗಿದರೆ ತುಂಬಿಸಲು ಹೆಲಿಕಾಪ್ಟರೇ ಬೇಕು. ವನ್ಯಪ್ರದೇಶದೊಳಗೆ ಜಲಾಶಯ, ನೀರಿನ ಕಾಮಗಾರಿಗಳಿಗೆ ಒಪ್ಪಿಗೆ ಕೊಡುವ ಅಧಿಕಾರ ಅದೇ ಕಾಯ್ದೆಯಲ್ಲಿ ಅಮೆರಿಕದ ಅಧ್ಯಕ್ಷರಿಗಿದೆ ಎಂದು ಕೆಲವರು ಎತ್ತಿ ತೋರಿಸುತ್ತಾರೆ. ಶೇ 3ರ ನೀರಿಗಾಗಿ ಅಧ್ಯಕ್ಷರ ಬಾಗಿಲು ತಟ್ಟುವುದು ಎಂಥ ಮಾತು.

ಇಲ್ಲಿ 2010ರ ಒಂದು ತೀರ್ಪು ಉಪಯುಕ್ತ. ಅರಿಝೋನಾದ ಕೋಫಾ ವನ್ಯಪ್ರದೇಶದಲ್ಲಿ ಕಾಡುಕುರಿಗಳ ಸಂಖ್ಯೆ ಕುಸಿದಾಗ, ಅವುಗಳಿಗೆ ಕುಡಿಯಲೆಂದು ವನ್ಯಜೀವಿ ಇಲಾಖೆ ಎರಡು ನೀರಿನ ತೊಟ್ಟಿ ಕಟ್ಟಿತು. ವೈಲ್ಡರ್ನೆಸ್ ವಾಚ್ ಎಂಬ ಸಂಘಟನೆ ದಾವೆ ಹೂಡಿತು. ಉದ್ದೇಶ ಒಳ್ಳೆಯದಿರಬಹುದು, ಆದರೆ ತೊಟ್ಟಿಯೇ ಬೇಕಾಗಿತ್ತೇ, ಬೇಟೆ ನಿಲ್ಲಿಸುವಂಥ ಬೇರೆ ದಾರಿ ಸಾಲುತ್ತಿರಲಿಲ್ಲವೇ ಎಂಬುದನ್ನು ಇಲಾಖೆ ತೂಗಿ ನೋಡಿಲ್ಲ ಎಂದು ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾಡಿನ ಕುರಿಗೇ ನೀರು ಕೊಡಲು ಇಷ್ಟು ಲೆಕ್ಕ ಒಪ್ಪಿಸಬೇಕಾದರೆ, ದೂರದ ನಗರದ ಹುಲ್ಲುಹಾಸಿಗೆ ನೀರು ಒಯ್ಯುವ ಯಂತ್ರಕ್ಕೆ ಇನ್ನೆಷ್ಟು ಲೆಕ್ಕ ಬೇಕು? ಈ ದಾರಿಯನ್ನು ಪಟ್ಟಿಯಿಂದ ತೆಗೆದುಬಿಡಿ.

ಎರಡನೆಯ ದಾರಿ: ಗಡಿಯ ಹೊರಗೆ ಯಂತ್ರ, ಒಳಗೆ ಹಿಮ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಇದು. ಚಾಲ್ತಿಯಲ್ಲಿರುವುದೂ ಹೆಚ್ಚಾಗಿ ಇದೇ. ಯಂತ್ರ ನೋಡಲು ಏನೂ ಅಲ್ಲ: ಒಂದು ಪ್ರೊಪೇನ್ ಟ್ಯಾಂಕು, ಸೌರಫಲಕ, ಉಪಗ್ರಹ ಸಂಪರ್ಕದ ಪೆಟ್ಟಿಗೆ, ತುದಿಯಲ್ಲಿ ಉರಿಯುವ ಒಂದು ಕಂಬ. ಬಿರುಗಾಳಿ ಸರಿಯಾದ ದಿಕ್ಕಿನಿಂದ ಬರುತ್ತಿದೆ ಎಂದು ಹವಾಮಾನ ತಜ್ಞ ನೂರಾರು ಮೈಲಿ ದೂರದಲ್ಲಿ ಕುಳಿತು ಗುಂಡಿ ಒತ್ತಿದರೆ, ಅಸಿಟೋನಿನಲ್ಲಿ ಕಲಸಿದ ಸಿಲ್ವರ್ ಅಯೊಡೈಡ್ ದ್ರಾವಣ ಜ್ವಾಲೆಯಲ್ಲಿ ಸುಟ್ಟು ಸೂಕ್ಷ್ಮ ಕಣಗಳಾಗಿ ಗಾಳಿಯೊಂದಿಗೆ ಬೆಟ್ಟ ಹತ್ತುತ್ತದೆ. ಹತ್ತಬೇಕು, ಅಷ್ಟೇ. ಕಣಿವೆಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತ ದಿನ ಹೊಗೆ ಕಣಿವೆಯಲ್ಲೇ ಸುತ್ತುತ್ತದೆ, ಕಂಪನಿಯ ಬಿಲ್ಲು ಮಾತ್ರ ಮೇಲೆ ಹತ್ತುತ್ತದೆ. ಯಂತ್ರವನ್ನು ಗಡಿಯಿಂದ ದೂರ, ಅಂದರೆ ಕೆಳಕ್ಕೆ, ಇಟ್ಟಷ್ಟೂ ಈ ಅಪಾಯ ಹೆಚ್ಚು. ಕಾಯ್ದೆ ಪಾಲಿಸುವ ಜಾಗ ಮತ್ತು ವಿಜ್ಞಾನ ಬಯಸುವ ಜಾಗ ಒಂದೇ ಅಲ್ಲ.

ಬೆಳ್ಳಿಯ ವಿಷದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಲ್ವರ್ ಅಯೊಡೈಡ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಬಿತ್ತಿದ ಹಿಮದಲ್ಲಿ ಸಿಗುವ ಬೆಳ್ಳಿಯನ್ನು ಲಕ್ಷಕೋಟಿಯಲ್ಲಿ ಇಷ್ಟು ಭಾಗ ಎಂದು ಎಣಿಸುತ್ತಾರೆ, ಅಮೆರಿಕದ ಕುಡಿಯುವ ನೀರಿನ ಮಾರ್ಗಸೂಚಿ ಲೀಟರಿಗೆ 100 ಮೈಕ್ರೋಗ್ರಾಂ. ದಶಕಗಟ್ಟಲೆ ಒಂದೇ ಕಡೆ ಬಿತ್ತಿದರೆ ಮಣ್ಣಿನಲ್ಲಿ ಎಷ್ಟು ಸೇರುತ್ತದೆ ಎಂದು ಅಳೆಯುತ್ತಿರಬೇಕು, ಆದರೆ ಈ ದಾರಿಯನ್ನು ತಿರಸ್ಕರಿಸಲು ಅದೊಂದೇ ಕಾರಣ ಸಾಲದು.

ನಿಜವಾದ ಜಗಳ ನೀತಿಯದು. ಅಮೆರಿಕದ ಅರಣ್ಯ ಸೇವೆಯ ಕೈಪಿಡಿಯಲ್ಲಿ ವನ್ಯಪ್ರದೇಶದ ಮೇಲಿನ ಹವೆಯನ್ನು ಬೇಕೆಂದೇ ಬದಲಿಸುವ ಬಿತ್ತನೆಯಂಥ ಕೆಲಸಗಳಿಗೆಂದೇ ಒಂದು ಕಲಮು ಇದೆ. ಸಾರಾಂಶ ಇಷ್ಟು: ಆಗೊಮ್ಮೆ ಈಗೊಮ್ಮೆ ನಡೆಯುವ, ಪರಿಣಾಮ ಕೆಲವೇ ದಿನ ಉಳಿಯುವ ಅಲ್ಪಕಾಲದ ಬಿತ್ತನೆಗೆ ಒಪ್ಪಿಗೆ ಕೊಡಬಹುದು, ಸತತ ವರ್ಷಗಳಲ್ಲಿ ಮತ್ತೆ ಮತ್ತೆ ಹವಾಮಾನ ಬದಲಿಸುವ ದೀರ್ಘಕಾಲದ ಕಾರ್ಯಕ್ರಮಕ್ಕೆ ಕೂಡದು. ಈಗ ಹೇಳಿ, ನವೆಂಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಚಳಿಗಾಲ ನಡೆಯುವ ಬಿತ್ತನೆ ಯಾವ ಬಗೆಯದು? ಯಂತ್ರ ರಾಜ್ಯದ ಜಮೀನಿನಲ್ಲೋ ಖಾಸಗಿ ಹುಲ್ಲುಗಾವಲಿನಲ್ಲೋ ಇದ್ದರೆ ಅರಣ್ಯ ಸೇವೆಯ ಪರವಾನಗಿಯ ಪ್ರಶ್ನೆಯೇ ಬರುವುದಿಲ್ಲ. ಕಾಡನ್ನು ಕಾಯುವವರಿಗೆ ತಡೆಯುವ ಹಿಡಿಕೆ ಸಿಗದಂತೆ ಯಂತ್ರವನ್ನು ಬೇಲಿಯ ಆಚೆ ನಿಲ್ಲಿಸಲಾಗುತ್ತದೆ.

ಬೆಂಬಲಿಗರ ಉತ್ತರ ಹೀಗಿದೆ: ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹಿಮ ತಾನಾಗಿಯೇ ಇದರ ಹತ್ತುಪಟ್ಟು ಏರಿಳಿಯುತ್ತದೆ, ಅದರ ನಡುವೆ ಬಿತ್ತನೆಯ ಶೇ 3 ಅಥವಾ 4 ಕಾಡಿಗೆ ಗೊತ್ತೇ ಆಗುವುದಿಲ್ಲ. ಅದೇ ಜನ ನಗರಗಳ ಮುಂದೆ ಹೋಗಿ, ಹೆಚ್ಚುವರಿ ನೀರು ಗಣನೀಯ, ಹಣ ಕೊಡಿ ಎನ್ನುತ್ತಾರೆ. ಕಾಡಿನ ಮುಂದೆ ಅಲ್ಪ, ಗಿರಾಕಿಯ ಮುಂದೆ ಭಾರಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಕೇಳುವ ಹಕ್ಕು ಎರಡೂ ಕಡೆಯವರಿಗಿದೆ.

ಸ್ವಲ್ಪ ಗಟ್ಟಿಯಾದ ವಾದ ಇನ್ನೊಂದಿದೆ. ಭೂಮಿ ಬಿಸಿಯಾಗಿ ಈ ಬೆಟ್ಟಗಳ ಹಿಮ ಹೇಗೂ ಕರಗುತ್ತಿದೆ, ಮನುಷ್ಯನ ಕೈ ಈಗಾಗಲೇ ಅಲ್ಲಿ ಬಿದ್ದಿದೆ, ಬಿತ್ತನೆ ಕಳೆದುಕೊಂಡದ್ದನ್ನು ಮರಳಿ ಕೊಡುತ್ತದೆ ಎಂಬುದು ಅದು. ಇದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. 1999ರಲ್ಲಿ ವರ್ಜೀನಿಯಾದ ಸೇಂಟ್ ಮೇರಿಸ್ ವನ್ಯಪ್ರದೇಶದ ಹೊಳೆಗಳು ಆಮ್ಲಮಳೆಯಿಂದ ಹಾಳಾಗಿದ್ದಾಗ ಅರಣ್ಯ ಸೇವೆಯೇ ಹೆಲಿಕಾಪ್ಟರಿನಿಂದ ಸುಣ್ಣದ ಕಲ್ಲು ಸುರಿಯಿತು. ವ್ಯತ್ಯಾಸ ಉದ್ದೇಶದಲ್ಲಿದೆ. ಆ ಸುಣ್ಣ ಆ ಹೊಳೆಯ ಮೀನಿಗೆಂದೇ ಬಿದ್ದದ್ದು. ವಿಂಡ್ ರಿವರ್‌ನ ಹಿಮ ಬ್ರಿಜರ್‌ನ ಹೂವಿಗಾಗಲಿ ಬಂಡೆಯ ಸಂದಿನ ಪೈಕಾ ಮೊಲಕ್ಕಾಗಲಿ ಬೀಳುವುದಲ್ಲ. ದಕ್ಷಿಣ ನೆವಾಡಾ ಜಲ ಪ್ರಾಧಿಕಾರ, ಸೆಂಟ್ರಲ್ ಅರಿಝೋನಾ ಪ್ರಾಜೆಕ್ಟ್, ದಕ್ಷಿಣ ಕ್ಯಾಲಿಫೋರ್ನಿಯಾದ ಮೆಟ್ರೊಪಾಲಿಟನ್ ಜಲ ಸಂಸ್ಥೆಗಳಂಥ ಕೆಳಕಣಿವೆಯವರು ಮೇಲ್ಕಣಿವೆಯ ಬಿತ್ತನೆಗೆ ಹಣ ಕೊಡುತ್ತಾರೆ. 2023ರಲ್ಲಿ ಬ್ಯೂರೋ ಆಫ್ ರೆಕ್ಲಮೇಶನ್ ಇದಕ್ಕೆಂದೇ 24 ಲಕ್ಷ ಡಾಲರ್ ನೀಡಿತು. ಹಣ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ ಹಿಮ ಯಾರಿಗೆ ಎಂಬುದು ತಿಳಿಯುತ್ತದೆ.

ಮೂರನೆಯ ದಾರಿ: ವಿಮಾನ, ಈಗ ಡ್ರೋನ್

ನೆಲದ ಮೇಲೆ ಗುರುತುಳಿಯದ ದಾರಿ. ಕಾಯ್ದೆ ವಿಮಾನ ಇಳಿಸುವುದನ್ನು ತಡೆಯುತ್ತದೆ, ಮೇಲೆ ಹಾರುವುದನ್ನಲ್ಲ. ವನ್ಯಪ್ರದೇಶದ ನೆಲದಿಂದ ಕನಿಷ್ಠ 2,000 ಅಡಿ ಮೇಲಿರಿ ಎಂದು ವಿಮಾನಯಾನ ಆಡಳಿತ ಕೋರುತ್ತದೆ, ಅದು ಕೋರಿಕೆ ಮಾತ್ರ. ಮೋಡದಲ್ಲಿ ಹನಿ ಎಲ್ಲಿದೆಯೋ ಅಲ್ಲೇ ಬಿತ್ತಬಹುದು, ಪೇಯೆಟ್‌ನಲ್ಲಿ ಆದಂತೆ ಅಳೆದು ತೋರಿಸಬಹುದು. ಹಣ ಮಾತ್ರ ಹೆಚ್ಚು. ಬಿತ್ತನೆಗೆ ಬೇಕಾದ ಮೋಡವೆಂದರೆ ವಿಮಾನದ ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಮೋಡವೇ ಆದ್ದರಿಂದ ಪೈಲಟ್‌ಗೆ ಅಪಾಯವೂ ಹೆಚ್ಚು. ಈಚೆಗೆ ಡ್ರೋನ್‌ಗಳು ಬರುತ್ತಿರುವುದು ಈ ಕಾರಣಕ್ಕೆ.

ಆಕಾಶದಲ್ಲಿ ಹಾರುವುದರ ಇನ್ನೊಂದು ಬೆಲೆ ಅಪನಂಬಿಕೆ. 1972ರ ಜೂನ್ 9ರಂದು ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ ಪ್ರವಾಹಕ್ಕೆ 238 ಜನ ಬಲಿಯಾದರು. ಅದೇ ದಿನ ಹತ್ತಿರದಲ್ಲಿ ಬಿತ್ತನೆಯ ಪ್ರಯೋಗ ನಡೆದಿತ್ತು. ಪ್ರವಾಹಕ್ಕೆ ಅದೇ ಕಾರಣವೆಂದು ಯಾರೂ ಸಾಬೀತು ಮಾಡಲಿಲ್ಲ, ಕಳಂಕ ಮಾತ್ರ ಉಳಿಯಿತು. 2025ರ ಜುಲೈನಲ್ಲಿ ಟೆಕ್ಸಸ್‌ನ ಗ್ವಾಡಲೂಪ್ ನದಿ ಉಕ್ಕಿದಾಗಲೂ, ಎರಡು ದಿನ ಮೊದಲು ನಡೆದಿದ್ದ ಸಣ್ಣ ಬಿತ್ತನೆಯೊಂದರ ಕಡೆ ಬೆರಳುಗಳು ಚಾಚಿದವು. ಅಷ್ಟು ಮಳೆಯನ್ನು ಬಿತ್ತನೆಯಿಂದ ತರಿಸಲು ಸಾಧ್ಯವೇ ಇಲ್ಲ ಎಂದು ತಜ್ಞರು ಹೇಳಿದರೂ ಕೇಳುವವರು ಬೇಕಲ್ಲ. ಟೆನೆಸಿ 2024ರಲ್ಲಿ, ಫ್ಲೋರಿಡಾ 2025ರಲ್ಲಿ ಇಂಥ ಚಟುವಟಿಕೆಗಳನ್ನೇ ಕಾನೂನಿನಿಂದ ನಿಷೇಧಿಸಿದವು. ಆ ಕಾನೂನುಗಳನ್ನು ಮಾಡಿಸಿದ್ದು ಕಾಡಿನ ಕಾಳಜಿಯಲ್ಲ, ವಿಮಾನದ ಬಾಲದ ಬಿಳಿ ಗೆರೆಯಲ್ಲಿ ಯಾರೋ ವಿಷ ಸಿಂಪಡಿಸುತ್ತಿದ್ದಾರೆಂಬ ಭಯ. ವನ್ಯಪ್ರದೇಶದ ಪರ ವಾದಿಸುವವರು ಇಂಥವರ ಜೊತೆ ಸೇರಿಕೊಂಡರೆ ತಮ್ಮ ಪ್ರಕರಣವನ್ನೇ ಕೆಡಿಸಿಕೊಳ್ಳುತ್ತಾರೆ.

ಕಾಯ್ದೆಯ ಆಶಯಕ್ಕೆ ಬಂದರೆ ಎರಡನೆಯ ದಾರಿಯ ಆಕ್ಷೇಪವೇ ಇಲ್ಲಿಗೂ ಸಲ್ಲುತ್ತದೆ. ಹಿಮ ಬೀಳುವುದು ಅದೇ ಕಾಡಿನ ಮೇಲೆ.

ನಾಲ್ಕನೆಯ ದಾರಿ: ವನ್ಯಪ್ರದೇಶ ಬಿಟ್ಟು ಉಳಿದೆಡೆ

ಎಲ್ಲ ಎತ್ತರದ ಬೆಟ್ಟಗಳೂ ವನ್ಯಪ್ರದೇಶಗಳಲ್ಲ. ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಮೇಸಾದಂಥ ಎತ್ತರದ ಪ್ರಸ್ಥಭೂಮಿ ರಸ್ತೆ, ಕೆರೆ, ಕಾಲುವೆಗಳಿಂದ ಬಹುಕಾಲದಿಂದ ಬಳಕೆಯಲ್ಲಿರುವ ರಾಷ್ಟ್ರೀಯ ಅರಣ್ಯ. ಅಲ್ಲಿ ಬಿತ್ತನೆ ನಡೆಯುತ್ತಿದೆ. ವೇಲ್‌ನ ಸ್ಕೀ ತಾಣ 1970ರ ದಶಕದಿಂದ ಹಲವು ದಶಕ ಬಿತ್ತಿಸಿತು, ಅವರಿಗೆ ಹಿಮವೇ ಸರಕು. ಇಂಥ ಕಡೆ ಹಿಮ ಹೆಚ್ಚಿಸಿದರೆ ಯಾವ ವಾಗ್ದಾನವೂ ಮುರಿಯುವುದಿಲ್ಲ.

ಕಷ್ಟ ಗಾಳಿಯದು. ಬಿತ್ತಿದ ಕಣ ಹಿಮವಾಗಿ ಬೀಳುವಷ್ಟರಲ್ಲಿ ಹತ್ತಾರು ಕಿಲೋಮೀಟರ್ ಸಾಗಿರುತ್ತದೆ, ಅದಕ್ಕೆ ನಕ್ಷೆ ಓದಲು ಬರುವುದಿಲ್ಲ. ವೇಲ್‌ನ ಪಕ್ಕದಲ್ಲೇ ಈಗಲ್ಸ್ ನೆಸ್ಟ್ ವನ್ಯಪ್ರದೇಶವಿದೆ. ಹೀಗಿದ್ದರೂ ತಪ್ಪಿ ಬಂದು ಬೀಳುವುದಕ್ಕೂ ಗುರಿಯಿಟ್ಟು ಬೀಳಿಸುವುದಕ್ಕೂ ಅಂತರವಿದೆ. ಅರಣ್ಯ ಸೇವೆಯ ಕೈಪಿಡಿ ಆಕಸ್ಮಿಕವಾಗಿ ತಗಲುವ ತಾತ್ಕಾಲಿಕ ಬದಲಾವಣೆಗೆ ಜಾಗ ಬಿಟ್ಟಿರುವುದೂ ಅದಕ್ಕೇ. ನೀರು ಇನ್ನೂ ಕಡಿಮೆ ಸಿಗುತ್ತದೆ ಎಂಬುದು ನಿಜ, ಎತ್ತರದ ಒಳ್ಳೊಳ್ಳೆಯ ಇಳಿಜಾರುಗಳನ್ನೇ ಬಿಟ್ಟಿರುತ್ತೀರಲ್ಲ.

ಐದನೆಯ ದಾರಿ: ಬಳಕೆ ತಗ್ಗಿಸುವುದು

ಬಿತ್ತನೆಯ ಬೆಂಬಲಿಗರು ಇದರ ಜೊತೆ ಹೋಲಿಕೆಗೆ ಬರಲು ಹಿಂಜರಿಯುವುದಕ್ಕೆ ಕಾರಣವಿದೆ. 2023ರ ಮೇ ತಿಂಗಳಲ್ಲಿ ಅರಿಝೋನಾ, ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳು 2026ರ ಕೊನೆಯೊಳಗೆ 30 ಲಕ್ಷ ಎಕರೆ-ಅಡಿ ಉಳಿಸುವುದಾಗಿ ಒಪ್ಪಿದವು. ನಮ್ಮ ಲೆಕ್ಕದಲ್ಲಿ ಸುಮಾರು 131 ಟಿಎಂಸಿ. ಅದರ ಬಹುಪಾಲಿಗೆ ಒಕ್ಕೂಟ ಸರ್ಕಾರ ಸುಮಾರು 120 ಕೋಟಿ ಡಾಲರ್ ಪರಿಹಾರ ಕೊಡಲು ಮುಂದೆ ಬಂತು. ಅದಕ್ಕೆ ಹಿಂದಿನ ವರ್ಷ ಇದೇ ನದಿಯ ಮೀಡ್ ಜಲಾಶಯ 1930ರ ದಶಕದಲ್ಲಿ ಮೊದಲು ತುಂಬಿದ ಮೇಲೆ ಕಂಡರಿಯದ ತಳಕ್ಕೆ ಇಳಿದಿತ್ತು. ನೀರು ಬಿಡಲು ಒಪ್ಪಿದ ಜಮೀನುದಾರರಿಗೂ ಸಂಸ್ಥೆಗಳಿಗೂ ಕೊಟ್ಟ ದರ ಎಕರೆ-ಅಡಿಗೆ 330ರಿಂದ 400 ಡಾಲರ್. ಬಿತ್ತನೆಯ ನೀರಿಗೆ ಅದರ ಬೆಂಬಲಿಗರು ಹೇಳುವ ದರ ಕೆಲವೇ ಡಾಲರಿನಿಂದ ಮೂವತ್ತು ಡಾಲರ್‌ವರೆಗೆ.

ಮೇಲುನೋಟಕ್ಕೆ ಹೋಲಿಕೆ ಅಲ್ಲಿಗೆ ಮುಗಿದಂತೆ ಕಾಣುತ್ತದೆ, ಮೂವತ್ತು ಎಲ್ಲಿ, ನಾನೂರು ಎಲ್ಲಿ. ಆದರೆ ನಾನೂರು ಡಾಲರ್ ಕೊಟ್ಟು ಉಳಿಸಿದ ನೀರು ಮೀಡ್ ಜಲಾಶಯದಲ್ಲಿ ನಿಂತಿದೆ, ಅಳತೆಗೋಲಿಟ್ಟು ನೋಡಬಹುದು. ಮೂವತ್ತು ಡಾಲರಿನ ನೀರು ಲೆಕ್ಕದ ಮಾದರಿಯೊಳಗಿನ ನೀರು. ಹೆಚ್ಚಳ ಶೇ 10 ಎಂದು ಊಹಿಸಿದರೆ ಅಗ್ಗ, ಶೇ 1 ಎಂದರೆ ಹತ್ತುಪಟ್ಟು ದುಬಾರಿ, ಏನೂ ಇಲ್ಲವೆಂದರೆ ಬೆಲೆಯೇ ಇಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2024ರ ಡಿಸೆಂಬರಿನ ವರದಿಯಲ್ಲಿ, ತಾನು ನೋಡಿದ ಅಧ್ಯಯನಗಳ ಅಂದಾಜು ಸೊನ್ನೆಯಿಂದ ಶೇ 20ರವರೆಗೆ ಚಾಚಿದೆ ಎಂದಿತು. ಇಷ್ಟು ಅಗಲದ ಅಂದಾಜಿನ ಮೇಲೆ ಕಟ್ಟಿದ ದರಪಟ್ಟಿಯನ್ನು ನಾನಂತೂ ಮುಂದಿಟ್ಟುಕೊಂಡು ಚೌಕಾಸಿ ಮಾಡಲಾರೆ.

ಇನ್ನು ನೀರು ಹೋಗುವುದೆಲ್ಲಿಗೆ? ಕೊಲೊರಾಡೊದಿಂದ ಮನುಷ್ಯ ಎತ್ತಿಕೊಳ್ಳುವ ನೀರಿನ ಮುಕ್ಕಾಲು ಪಾಲು ಬೇಸಾಯಕ್ಕೆ, ಅದರಲ್ಲೂ ದೊಡ್ಡ ಪಾಲು ದನಗಳ ಮೇವಿನ ಆಲ್ಫಾಲ್ಫಾ ಮತ್ತು ಹುಲ್ಲಿಗೆ. ನಗರಗಳನ್ನೇ ದೂರುವುದು ಸುಲಭ, ಆದರೆ ಲಾಸ್ ವೇಗಸ್ ಮನೆಯೊಳಗೆ ಬಳಸಿದ ನೀರನ್ನು ಬಹುಮಟ್ಟಿಗೆ ಶುದ್ಧೀಕರಿಸಿ ಮೀಡ್‌ಗೇ ಹಿಂದಿರುಗಿಸುತ್ತದೆ. ಯಾರೂ ಕಾಲಿಡದ, ನೋಡಲಷ್ಟೇ ಇರುವ ಹುಲ್ಲುಹಾಸಿಗೆ 2026ರ ನಂತರ ಈ ನದಿಯ ನೀರು ಹಾಯಿಸಬಾರದೆಂದು ನೆವಾಡಾ 2021ರಲ್ಲೇ ಕಾನೂನು ಮಾಡಿತು. ಮೇವಿನ ಹೊಲದ ಮುಂದೆ ಬಿತ್ತನೆಯ ಹಿಮ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಐದನೆಯ ದಾರಿಯಲ್ಲೂ ನೋವಿದೆ, ಅದನ್ನು ಮರೆಮಾಚಬಾರದು. ಹೊಲ ಬೀಳು ಬಿಟ್ಟರೆ ಜಮೀನುದಾರನಿಗೆ ಪರಿಹಾರ ಸಿಗುತ್ತದೆ, ಕೂಲಿಯವನಿಗೆ ಸಿಗುವುದಿಲ್ಲ. ಟ್ರ್ಯಾಕ್ಟರ್ ರಿಪೇರಿಯವನಿಗೂ ಸಿಗುವುದಿಲ್ಲ. ಒಮ್ಮೆ ಕೊಟ್ಟ ಹಣ ಪ್ರತಿವರ್ಷ ಬರುತ್ತದೆಂಬ ಭರವಸೆಯೂ ಇಲ್ಲ. ರಾಜಕಾರಣಿಗೆ ಬಿತ್ತನೆ ಇಷ್ಟವಾಗುವುದು ಇದಕ್ಕೇ, ಅದರಲ್ಲಿ ಯಾರ ಪಾಲನ್ನೂ ಕಡಿಯಬೇಕಿಲ್ಲ.

ಹಾಗಾದರೆ ಯಾವುದು?

ಕೆಳಗಿನ ನಗರದ ನೀರು ಮಂಡಳಿಯಲ್ಲಿ ಕುಳಿತು ಹಣ ಎಲ್ಲಿ ಹಾಕಬೇಕೆಂದು ಕೇಳುವವರಾದರೆ ಐದನೆಯದಕ್ಕೆ ಮೊದಲ ಡಾಲರ್, ಎರಡನೆಯ ಡಾಲರ್, ಮೂರನೆಯ ಡಾಲರ್. ಉಳಿದರೆ ನಾಲ್ಕನೆಯದಕ್ಕೆ. ಮೇಲ್ಕಣಿವೆಯ ರಾಜ್ಯವೊಂದರ ನೀರಾವರಿ ಇಲಾಖೆಯಾದರೆ ನಾಲ್ಕನೆಯದು ಸರಿಯಾದ ಆಯ್ಕೆ. ಜೊತೆಗೆ ಮೂರು ಷರತ್ತು ಬೇಕು. ಹಿಮ ಸರಾಸರಿ ಮೀರಿದ ವರ್ಷ ಮತ್ತು ಹಿಮಕುಸಿತದ ಎಚ್ಚರಿಕೆಯಿದ್ದ ದಿನ ಬಿತ್ತನೆ ನಿಲ್ಲಬೇಕು. ಅಳೆಯುವವರು ಬಿತ್ತುವ ಕಂಪನಿಯವರಾಗಿರಬಾರದು. ಗೊತ್ತಾದ ಅವಧಿ ಮುಗಿದ ಮೇಲೆ ಪರವಾನಗಿ ತಾನಾಗಿ ರದ್ದಾಗಿ, ಫಲಿತಾಂಶ ತೋರಿಸಿದರೆ ಮಾತ್ರ ಮರಳಿ ಸಿಗಬೇಕು. ಮೊದಲನೆಯ ಷರತ್ತು ಹಲವು ಕಾರ್ಯಕ್ರಮಗಳಲ್ಲಿ ಈಗಲೂ ಇದೆ. ಉಳಿದೆರಡನ್ನು ಒಪ್ಪಿಸುವುದೇ ಕಷ್ಟ.

ಎರಡನೆಯ ಮತ್ತು ಮೂರನೆಯ ದಾರಿಗಳನ್ನು ವನ್ಯಪ್ರದೇಶದ ಮೇಲೆ ಬಳಸಲೇಬೇಕೆಂದರೆ ಮೂರನೆಯದು ಮೇಲು, ಏಕೆಂದರೆ ಅದನ್ನು ನಿಲ್ಲಿಸುವುದು ಸುಲಭ. ನೆಲದಲ್ಲಿ ನೆಟ್ಟ ಯಂತ್ರಕ್ಕೆ ಸಿಬ್ಬಂದಿ, ಗುತ್ತಿಗೆ, ಬಜೆಟ್ ಶೀರ್ಷಿಕೆ ಎಲ್ಲವೂ ಬೇರು ಬಿಡುತ್ತವೆ, ಬರ ಮುಗಿದರೂ ಅದು ಉರಿಯುತ್ತಲೇ ಇರುತ್ತದೆ. ಆದರೆ ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಬೇಡ ಎಂದೇ. ವನ್ಯಪ್ರದೇಶವೆಂಬುದು ಒಂದು ದೇಶ ತನಗೆ ತಾನೇ ಹಾಕಿಕೊಂಡ ಗೆರೆ. ಇಷ್ಟು ಅನಿಶ್ಚಿತವಾದ, ಇಷ್ಟು ಕಡಿಮೆ ನೀರಿಗಾಗಿ ಅದನ್ನು ದಾಟಿದರೆ, ನಾಳೆ ನಿಜವಾಗಿಯೂ ದೊಡ್ಡ ಲಾಭದ ಆಮಿಷ ಬಂದಾಗ ತಡೆಯಲು ಯಾವ ವಾದವೂ ಉಳಿಯುವುದಿಲ್ಲ.

ಕರ್ನಾಟಕದಿಂದ ನೋಡುವವರಿಗೆ

ನಮ್ಮಲ್ಲೂ 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ ಎಂಬ ಹೆಸರಿನಲ್ಲಿ ಬಿತ್ತನೆ ನಡೆದಿದೆ. 2017ರ ಆಗಸ್ಟಿನಲ್ಲಿ ಜಕ್ಕೂರಿನ ವಿಮಾನ ನೆಲೆಯಲ್ಲಿ ವರ್ಷಧಾರೆಗೆ ಚಾಲನೆ ಸಿಕ್ಕಿತು. ಅಮೆರಿಕದ ಅಂಕಿಗಳನ್ನು ಇಲ್ಲಿಗೆ ಹಾಗೇ ತರುವಂತಿಲ್ಲ, ನಮ್ಮದು ಮುಂಗಾರಿನ ಮೋಡ, ತೇವ ಹೀರುವ ಉಪ್ಪಿನ ಕಣಗಳಿಗೂ ಇಲ್ಲಿ ಕೆಲಸವಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2018 ಮತ್ತು 2019ರಲ್ಲಿ ಸೊಲ್ಲಾಪುರದ ಸುತ್ತ ನಡೆಸಿದ ಪ್ರಯೋಗದಲ್ಲಿ ಗಾಳಿಯ ಕೆಳದಿಕ್ಕಿನ ನೂರು ಚದರ ಕಿಲೋಮೀಟರಿನಲ್ಲಿ ಸುಮಾರು ಶೇ 18 ಹೆಚ್ಚು ಮಳೆ ಕಂಡಿತು. ಆದರೆ ಅದು ಮಳೆನೆರಳಿನ ಬಯಲು, ಜಲಾಶಯಗಳ ಜಲಾನಯನವಾದ ಪಶ್ಚಿಮಘಟ್ಟವಲ್ಲ.

ಘಟ್ಟದ ಕಾಡುಗಳ ಮೇಲೆ ಬಿತ್ತುವ ಮಾತು ಬಂದರೆ ನೋಡಬೇಕಾದ ಕಾನೂನು ನಮ್ಮಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು ಅಭಯಾರಣ್ಯದ ಒಳಕ್ಕೆ ಅಥವಾ ಹೊರಕ್ಕೆ ಹರಿಯುವ ನೀರನ್ನು ತಿರುಗಿಸಬಾರದು, ತಡೆಯಬಾರದು ಎನ್ನುವುದರ ಜೊತೆಗೆ ಹೆಚ್ಚಿಸಲೂಬಾರದು ಎನ್ನುತ್ತದೆ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ. ರಾಷ್ಟ್ರೀಯ ಉದ್ಯಾನಗಳಿಗೆ 35ನೇ ಕಲಮಿನಲ್ಲಿ ಇದೇ ಮಾತಿದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಅಣೆಕಟ್ಟು, ಕಾಲುವೆಗಳೇ ಇರಬೇಕು. ಆದರೆ ನೀರು ಹೆಚ್ಚಿಸುವುದೇ ಗುರಿಯಾದ ವಿಮಾನ ಕುದುರೆಮುಖದ ಮೇಲೋ ಸೋಮೇಶ್ವರದ ಮೇಲೋ ಹಾರುವುದಾದರೆ, ಟೆಂಡರ್ ಕರೆಯುವ ಮೊದಲು ಆ ಅನುಮತಿ ಕೇಳಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಇಲಾಖೆಯ ಕಡತದಲ್ಲಿ ಲಿಖಿತವಾಗಿ ಎತ್ತಿಸಬೇಕು. ವಿಮಾನ ಹಾರಿದ ಮೇಲೆ ನ್ಯಾಯಾಲಯಕ್ಕೆ ಹೋದರೆ, ಮಳೆಗಾಲ ಮುಗಿದಿದೆ, ಅರ್ಜಿ ನಿರರ್ಥಕ ಎಂಬ ಉತ್ತರ ಸಿಗುವ ಸಂಭವವೇ ಹೆಚ್ಚು.